ನಾಯಿಕೆಯ ಲಕ್ಷಣವೂ ನಮ್ಮ ಚಿತ್ರವಿಮರ್ಶೆಯೂ

ಕನ್ನಡದ ವಾಕ್ಚಿತ್ರವು ಹುಟ್ಟಿದ್ದು 1934ರಲ್ಲಿ. ಆ ವರ್ಷ ಜನರ ಮುಂದೆ ಬಂದ ಚಿತ್ರಗಳಲ್ಲಿ ಒಂದು ‘ಸತಿ ಸುಲೋಚನ’, ಮತ್ತೊಂದು ‘ಭಕ್ತ ಧ್ರುವ’. ಮೊದಲು ಕೈಗೆತ್ತಿಕೊಂಡದ್ದು ಧ್ರುವನ ಕಥೆಯನ್ನಾದರೂ ಮೊದಲು ತೆರೆ ಕಂಡದ್ದು ಸುಲೋಚನೆಯ ಕಥೆ. ಅದು ಮಾರ್ಚಿ ತಿಂಗಳ 3ನೆಯ ತಾರೀಖು ಬೆಂಗಳೂರಿನಲ್ಲಿ ಪ್ರದರ್ಶಿತವಾಯಿತು. ಈ ಇತಿಹಾಸವನ್ನು ಚಿತ್ರರಂಗದ ವಿಷಯವಾಗಿ ಬರೆಯುವವರೆಲ್ಲರೂ ಹೇಳುತ್ತಾರೆ. ಆದರೆ ಆ ಎರಡು ಹೆಸರುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರು ವಿರಳ. ಧ್ರುವನನ್ನು ಭಕ್ತನೆಂದು ಕರೆದದ್ದು ಅವನಲ್ಲಿದ್ದ ಗುಣದಿಂದ. ಸುಲೋಚನೆಯನ್ನು ಸತಿಯೆಂದು ಕರೆದದ್ದು ಇಂದ್ರಜಿತುವಿನೊಡನೆ ಅವಳಿಗಿದ್ದ ಸಂಬಂಧದಿಂದ. ಐದು ವರ್ಷದ ಹುಡುಗನಿಗೆ ತನ್ನದೇ ಆದ ವಿಶೇಷಣವೊಂದು ದೊರೆಯಿತು. ಪ್ರೌಢೆಯಾದ ರಾಜಸ್ನುಷೆಗೆ ಗಂಡನ ಮೂಲಕ ಬಂದ ವಿಶೇಷಣವಲ್ಲದೆ ಬೇರೊಂದು ದೊರೆಯಲಿಲ್ಲ. ಮುಂದೆಯೂ ಈ ರೂಢಿ ನಡೆದು ಬಂತು. ‘ಭಕ್ತ ಕನಕದಾಸ’ (1960), ‘ಸತ್ಯ ಹರಿಶ್ಚಂದ್ರ’ (1965) ಎಂದು ಗಂಡಸರ ಹೆಸರಿನ ಹಿಂದೆ ಭಕ್ತಿ ಸತ್ಯಗಳು ನಿಂತರೆ, ‘ಸತಿ ಶಕ್ತಿ’ (1963), ‘ಸತಿ ಸಾವಿತ್ರಿ’ (1965) ಎಂದು ಹೆಂಗಸರ ಹೆಸರಿನ ಹಿಂದೆ ಗಂಡನು ನಿಂತನು. ಯಮನನ್ನೇ ವಾದದಲ್ಲಿ ಗೆದ್ದ ಸಾವಿತ್ರಿಗೆ ‘ವಾಗ್ಮಿ’ ಎಂಬ ವಿಶೇಷಣವನ್ನು ಕೊಡಬೇಕೆಂದು ಯಾರಿಗೂ ತೋರಲಿಲ್ಲ.

ಪೌರಾಣಿಕ ಕಥೆಗಳ ಹೆಸರನ್ನು ಹಿಡಿದು ಚಲಚ್ಚಿತ್ರದವರ ಮೇಲೆ ದೋಷಾರೋಪಣೆ ಮಾಡುವುದು ನ್ಯಾಯವಲ್ಲವೆಂದು ವಾಚಕರು ಹೇಳಬಹುದು. ಸರಿಯೇ. ನಾಟಕದ ಕಂಪೆನಿಗಳು ಬಳಸುತ್ತಿದ್ದ ಹೆಸರುಗಳನ್ನು ಅವರು ಹಾಗೆಯೇ ತೆಗೆದುಕೊಂಡರು. ಪ್ರಕೃತ ನನ್ನ ವಿಚಾರವು ಚಿತ್ರಗಳನ್ನು ಮಾಡುವವರಿಗಿಂತ ಹೆಚ್ಚಾಗಿ ಅವುಗಳನ್ನು ಕುರಿತು ಬರೆಯುವವರಿಗೆ ಸಂಬಂಧಪಟ್ಟದ್ದು. ಚಿತ್ರರಂಗದಲ್ಲಿ ಹೆಂಗಸರಿಗೆ ಸಲ್ಲಬೇಕಾದ ಸ್ಥಾನ ಸಲ್ಲುತ್ತಿಲ್ಲವೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಆ ಸ್ಥಾನವು ಸಂದಾಗಲೂ ಅದನ್ನು ಗುರುತಿಸಲು ನಮ್ಮ ವಿಮರ್ಶೆಯಲ್ಲಿ ಮಾತಿಲ್ಲವೆಂಬುದನ್ನು ಮಾತ್ರ ಯಾರೂ ಅಷ್ಟಾಗಿ ಹೇಳಿದಂತೆ ಕಾಣೆನು.

ಅಲಂಕಾರಶಾಸ್ತ್ರವನ್ನು ಸ್ವಲ್ಪ ಓದಿದವರಿಗೂ ನಾಯಕರು ನಾಲ್ಕು ವಿಧವೆಂಬುದು ತಿಳಿದಿದೆ: ಧೀರೋದಾತ್ತ, ಧೀರಲಲಿತ, ಧೀರಪ್ರಶಾಂತ, ಧೀರೋದ್ಧತ. ನಾಲ್ಕಕ್ಕೂ ಮೊದಲಲ್ಲಿ ‘ಧೀರ’ ಶಬ್ದವುಂಟು. ಆಮೇಲೆ ಬರುವುದು ಅವನವನ ಸ್ವಭಾವ. ನಾಯಿಕೆಯರ ಪ್ರಕರಣಕ್ಕೆ ಬಂದರೆ ವಿಂಗಡಣೆಯ ತತ್ತ್ವವೇ ಬೇರೆ. ಸ್ವೀಯೆ, ಪರಕೀಯೆ, ಸಾಮಾನ್ಯೆ ಎಂದು ಮೊದಲನೆಯ ವಿಭಾಗ. ಇವಳು ಯಾರವಳು ಎಂಬ ಪ್ರಶ್ನೆಗೆ ಇದು ಉತ್ತರ. ಅನಂತರ ಪ್ರಸಿದ್ಧವಾದ ಎಂಟು ಅವಸ್ಥೆಗಳು. ಗಂಡನು ವಶದಲ್ಲಿದ್ದರೆ ಸ್ವಾಧೀನಭರ್ತೃಕೆ, ಅವನು ಬರುವನೆಂದು ಸಿಂಗರಿಸಿಕೊಂಡಿದ್ದರೆ ವಾಸಕಸಜ್ಜಿಕೆ, ಬಾರದೆ ತಡಮಾಡಿದರೆ ವಿರಹೋತ್ಕಂಠಿತೆ, ಬೇರೊಬ್ಬಳ ಗುರುತಿನೊಡನೆ ಬಂದರೆ ಖಂಡಿತೆ, ಜಗಳವಾಡಿ ಕಳುಹಿಸಿ ಪಶ್ಚಾತ್ತಾಪ ಪಟ್ಟರೆ ಕಲಹಾಂತರಿತೆ, ಮಾತು ಕೊಟ್ಟು ತಪ್ಪಿಸಿಕೊಂಡರೆ ವಿಪ್ರಲಬ್ಧೆ, ಪರದೇಶಕ್ಕೆ ಹೋಗಿದ್ದರೆ ಪ್ರೋಷಿತಭರ್ತೃಕೆ, ಇವಳೇ ಹುಡುಕಿಕೊಂಡು ಹೊರಟರೆ ಅಭಿಸಾರಿಕೆ. ಅವನು ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂಬುದನ್ನು ಹೇಳಿದರೆ ಇವಳ ಹೆಸರು ತಾನಾಗಿ ಬಂದುಬಿಡುತ್ತದೆ.

ಶಾಸ್ತ್ರಕ್ಕೆ ಅನ್ಯಾಯವಾಗಬಾರದು. ಈ ಎಂಟು ಹೆಸರುಗಳು ಶೃಂಗಾರರಸದ ಪ್ರಯೋಜನಕ್ಕಾಗಿ ಹೇಳಿದವು. ಶೃಂಗಾರದಲ್ಲಿ ನಾಯಕನಿಗೂ ಅನುಕೂಲ, ದಕ್ಷಿಣ, ಶಠ, ಧೃಷ್ಟ ಎಂಬ ಭೇದಗಳುಂಟು. ಅವು ಹೆಣ್ಣಿನ ಸಂಬಂಧದಿಂದಲೇ ಬಂದವು. ಭರತನಾದರೋ ಉತ್ತಮ, ಮಧ್ಯಮ, ಅಧಮ ಎಂಬ ಪ್ರಕೃತಿಭೇದವನ್ನು ಸ್ತ್ರೀಪುರುಷರಿಬ್ಬರಿಗೂ ಸಮನಾಗಿ ಹೇಳಿದ್ದಾನೆ. ಅಲ್ಲದೆ ಲಕ್ಷಣವು ಎಂದಿಗೂ ಲಕ್ಷ್ಯದ ಹಿಂದೆ ನಡೆಯತಕ್ಕದ್ದು. ಮಹಾಕವಿಗಳು ಅದರ ಅಳತೆಗೆ ಸಿಕ್ಕಲಿಲ್ಲ. ದುಷ್ಯಂತನ ಸಭೆಯಲ್ಲಿ ನಿಂತು ರಾಜನನ್ನು ಅನಾರ್ಯನೆಂದು ಕರೆದ ಶಕುಂತಲೆಯನ್ನು ವಿಪ್ರಲಬ್ಧೆಯೆಂದು ಹೇಳಿ ಮುಗಿಸಿದರೆ ಐದನೆಯ ಅಂಕವನ್ನು ಓದಿದ ಹಾಗಾಗಲಿಲ್ಲ. ಉತ್ತರರಾಮಚರಿತದ ಮೂರನೆಯ ಅಂಕದಲ್ಲಿ ವಾಸಂತಿಯು ಶ್ರೀರಾಮನನ್ನೇ ಎದುರು ನಿಲ್ಲಿಸಿಕೊಂಡು ಪ್ರಶ್ನೆ ಕೇಳುತ್ತಾಳೆ. ಅವಳು ಯಾರ ನಾಯಿಕೆಯೂ ಅಲ್ಲ. ಕಾಳಿದಾಸ ಭವಭೂತಿಗಳಿಗೆ ಎಟುಕಿದ್ದನ್ನು ಹೇಳಲು ಲಕ್ಷಣಕಾರರ ಪಟ್ಟಿಯಲ್ಲಿ ಹೆಸರಿರಲಿಲ್ಲ. ನಮ್ಮ ಚಿತ್ರವಿಮರ್ಶೆಗೆ ಈಗ ಬಂದಿರುವ ಕಷ್ಟವೂ ಅದೇ ಜಾತಿಯದು. ವಿಮರ್ಶಕರಲ್ಲಿ ಅನೇಕರು ಶಾಸ್ತ್ರವನ್ನು ಓದಿದವರಲ್ಲ. ಓದದೆಯೇ ಅದರ ಅತ್ಯಂತ ಸಂಕುಚಿತವಾದ ಭಾಗವನ್ನು ಮಾತ್ರ ಅನುಸರಿಸುತ್ತಿದ್ದಾರೆ.

ಶುಕ್ರವಾರ ತೆರೆಗೆ ಬಂದ ಚಿತ್ರವನ್ನು ಕುರಿತು ಮರುದಿನ ಅಥವಾ ಅದರ ಮರುದಿನ ಪತ್ರಿಕೆಯಲ್ಲಿ ಬರುವ ವಿಮರ್ಶೆಯ ಕ್ರಮವನ್ನು ವಾಚಕರು ಬಲ್ಲರು. ಕಥೆಯ ಸಂಗ್ರಹ, ನಿರ್ದೇಶಕನ ಸಾಮರ್ಥ್ಯ, ನಾಯಕನಟನ ಅಭಿನಯದ ಮೇಲೆ ಒಂದು ಕಂಡಿಕೆ, ಛಾಯಾಗ್ರಹಣ, ಸಂಗೀತ, ಸಾಹಸದೃಶ್ಯ. ಇವುಗಳ ನಡುವೆ ಎಲ್ಲಿಯೋ ನಾಯಕಿಯ ವಿಷಯವಾಗಿ ಒಂದು ವಾಕ್ಯವಿರುತ್ತದೆ: ಮುದ್ದಾಗಿ ಕಾಣುತ್ತಾರೆ, ಹಾಡುಗಳಲ್ಲಿ ಗಮನ ಸೆಳೆಯುತ್ತಾರೆ, ಪಾತ್ರಕ್ಕೆ ಹೆಚ್ಚು ಅವಕಾಶವಿಲ್ಲ. ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆ. ಆಹಾರ್ಯವೆಂದರೆ ಉಡುಪು, ಒಡವೆ, ಬಣ್ಣ. ಅದು ಹೊರಗಿನಿಂದ ತಂದು ಹಚ್ಚತಕ್ಕದ್ದು. ಸಾತ್ತ್ವಿಕವೆಂದರೆ ಒಳಗಿನ ಭಾವವು ದೇಹದಲ್ಲಿ ತಾನಾಗಿ ಮೂಡತಕ್ಕದ್ದು. ನಾಟ್ಯದ ಪ್ರತಿಷ್ಠೆಯೇ ಅದರಲ್ಲಿದೆ. ನಮ್ಮ ವಿಮರ್ಶಕರು ಗಂಡಸಿನಲ್ಲಿ ಸಾತ್ತ್ವಿಕವನ್ನು ಹುಡುಕುತ್ತಾರೆ, ಹೆಂಗಸಿನಲ್ಲಿ ಆಹಾರ್ಯವನ್ನು ಕಂಡು ತೃಪ್ತರಾಗುತ್ತಾರೆ. ಅವಳ ಧ್ವನಿ ಯಾವಾಗ ತಗ್ಗಿತು, ಮಾತಿನ ನಡುವೆ ಎಲ್ಲಿ ತಡೆದಳು, ಎದುರಿಗಿದ್ದವನು ಸುಳ್ಳಾಡಿದಾಗ ಕಣ್ಣನ್ನು ಎತ್ತ ಹೊರಳಿಸಿದಳು ಎಂಬ ವಿಷಯವಾಗಿ ನಾನು ಓದಿದ ವಿಮರ್ಶೆಗಳಲ್ಲಿ ಹತ್ತಕ್ಕೆ ಒಂದರಲ್ಲಿಯೂ ಮಾತಿಲ್ಲ.

ಇದು ಅತಿಶಯೋಕ್ತಿಯೆಂದು ಎಣಿಸುವವರು ಒಂದು ಸುಲಭವಾದ ಪರೀಕ್ಷೆ ಮಾಡಿ ನೋಡಬಹುದು. ವಿಮರ್ಶೆಯೊಂದನ್ನು ಮುಂದಿಟ್ಟುಕೊಂಡು ಲಿಂಗಗಳನ್ನು ಅದಲುಬದಲು ಮಾಡಿ ಓದಲಿ. ‘ನಾಯಕ ಮುದ್ದಾಗಿ ಕಾಣುತ್ತಾರೆ, ಮೂರು ಹಾಡುಗಳಲ್ಲಿ ಬಂದು ಹೋಗುತ್ತಾರೆ, ಮದುವೆಯಾದ ಮೇಲೆಯೂ ದೇಹವನ್ನು ಚೆನ್ನಾಗಿ ಕಾಪಾಡಿಕೊಂಡಿದ್ದಾರೆ.’ ಮನೆಯವರೆಲ್ಲರೂ ನಗುವರು. ಲಿಂಗವನ್ನು ಬದಲಿಸಿದೊಡನೆ ನಗೆ ತರಿಸುವ ವಾಕ್ಯವು ಬದಲಿಸದಿದ್ದಾಗ ವಿಮರ್ಶೆಯಾಗಿ ಸಲ್ಲುತ್ತಿದೆ. ವ್ಯಾಕರಣ ಹೇಳಿಕೊಟ್ಟು ಬದುಕಿದ ನನ್ನಂಥವನಿಗೆ ಇನ್ನೊಂದು ಮಾತು ಕಿವಿಗೆ ಚುಚ್ಚುತ್ತದೆ: ‘ಮಹಿಳಾ ನಿರ್ದೇಶಕಿ’. ಸ್ತ್ರೀಪ್ರತ್ಯಯವು ಹತ್ತಿರುವ ಶಬ್ದಕ್ಕೆ ಮತ್ತೆ ಮಹಿಳೆಯೆಂಬ ವಿಶೇಷಣ ಏತಕ್ಕೆ? ಪುನರುಕ್ತಿದೋಷವೆಂದು ಹುಡುಗರ ಉತ್ತರಪತ್ರಿಕೆಯಲ್ಲಿ ಅಂಕ ಕಳೆಯಬಹುದಾದ ಪ್ರಯೋಗ. ‘ಮಹಿಳಾಪ್ರಧಾನ ಚಿತ್ರ’ವೆಂಬುದೂ ಅಂಥದೇ, ‘ಪುರುಷಪ್ರಧಾನ ಚಿತ್ರ’ವೆಂದು ಯಾವ ವಿಮರ್ಶಕನೂ ಬರೆಯಲಾರನು, ಏಕೆಂದರೆ ಅವನ ಎಣಿಕೆಯಲ್ಲಿ ಬರಿಯ ಚಿತ್ರವೆಂದರೇ ಅದು.

ಈ ಅಭ್ಯಾಸಕ್ಕೆ ಇತಿಹಾಸವಿಲ್ಲದೆ ಇಲ್ಲ. ಫಾಲ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆಗೆದಾಗ ತಾರಾಮತಿಯ ವೇಷಕ್ಕೆ ಹೆಂಗಸು ಸಿಕ್ಕದೆ ಸಾಳುಂಕೆ ಎಂಬ ಅಡಿಗೆಯವನಿಗೆ ಆ ವೇಷವನ್ನು ಹಾಕಿಸಿದರು. 1917ರ ‘ಲಂಕಾದಹನ’ದಲ್ಲಿ ಅದೇ ಸಾಳುಂಕೆಯವರು ರಾಮನೂ ಆದರು, ಸೀತೆಯೂ ಆದರು. ನಮ್ಮ ವೃತ್ತಿರಂಗಭೂಮಿಯಲ್ಲಿಯೂ ಬಹುಕಾಲ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಪುರುಷನು ಸ್ತ್ರೀಪಾತ್ರವನ್ನೂ ಸ್ತ್ರೀಯು ಪುರುಷಪಾತ್ರವನ್ನೂ ಧರಿಸುವುದನ್ನು ಭರತನೂ ಒಪ್ಪಿದ್ದಾನೆ. ಅದರಲ್ಲಿ ಹೀನವೇನೂ ಇಲ್ಲ. 1958ರಲ್ಲಿ ಆರ್. ನಾಗರತ್ನಮ್ಮನವರು ಹೆಂಗಸರದೇ ಆದ ನಾಟಕಮಂಡಲಿಯನ್ನು ಕಟ್ಟಿ ಕಂಸ ರಾವಣರ ಪಾತ್ರಗಳನ್ನು ತಾವೇ ಮಾಡಿ ಅದರ ಎರಡನೆಯ ಅರ್ಧವನ್ನೂ ಸಾಧಿಸಿ ತೋರಿಸಿದರು. ಆದರೆ ರಂಗಕ್ಕೂ ತೆರೆಗೂ ಮೊದಮೊದಲು ಬಂದ ಹೆಂಗಸರನ್ನು ಗೃಹಸ್ಥರ ಸಮಾಜವು ಗೌರವದಿಂದ ಕಾಣಲಿಲ್ಲವೆಂಬುದನ್ನು ಮರೆಮಾಡಿ ಪ್ರಯೋಜನವಿಲ್ಲ. ಅವರ ಆಟವನ್ನು ನೋಡಬಹುದು, ಅವರ ವಿಷಯವಾಗಿ ಸಭ್ಯರು ಗಂಭೀರವಾಗಿ ಬರೆಯಬಾರದು ಎಂಬ ಭಾವನೆ ಆಗ ಇದ್ದಿತು. ರೂಪವನ್ನು ಹೊಗಳಿ ಜಾರಿಕೊಳ್ಳುವುದು ಈ ಸಂಕೋಚದಿಂದ ಹುಟ್ಟಿದ ಉಪಾಯವೆಂದು ನನ್ನ ಊಹೆ. ಸಂಕೋಚವು ಹೋಗಿ ಬಹುಕಾಲವಾಯಿತು, ಉಪಾಯವು ಉಳಿದುಕೊಂಡಿತು.

ಅದರಿಂದ ಆದ ನಷ್ಟವು ಚಿಕ್ಕದಲ್ಲ. ‘ಸತಿ ಸುಲೋಚನ’ದ ಪ್ರತಿಯು ಇಂದು ಉಳಿದಿಲ್ಲ. ಸುಬ್ಬಯ್ಯನಾಯಿಡು ಅವರು ಇಂದ್ರಜಿತುವಾಗಿಯೂ ನಾಗೇಂದ್ರರಾಯರು ರಾವಣನಾಗಿಯೂ ಅದರಲ್ಲಿದ್ದರು; ಅವರಿಬ್ಬರ ವಿಷಯವಾಗಿ ಮುಂದೆ ಬೇಕಾದಷ್ಟು ಬರವಣಿಗೆ ಬಂದಿದೆ. ಸುಲೋಚನೆಯ ಪಾತ್ರವನ್ನು ಮಾಡಿದವರು ತ್ರಿಪುರಾಂಬ. ಚಿತ್ರಕ್ಕೆ ಹೆಸರನ್ನು ಕೊಟ್ಟ ಪಾತ್ರ ಅವರದು. ಕನ್ನಡದ ತೆರೆಯ ಮೇಲೆ ಮೊಟ್ಟಮೊದಲು ಮಾತನಾಡಿದ ಕಥಾನಾಯಕಿ ಅವರು. ಅವರು ಆ ಪಾತ್ರವನ್ನು ಹೇಗೆ ಆಡಿದರು? ಪತಿಯ ತೋಳು ಕಡಿದು ಬಂದು ಅಂಗಳದಲ್ಲಿ ಬಿದ್ದಾಗ ಸುಲೋಚನೆಯು ಅತ್ತಳೋ, ಮೂಕಳಾದಳೋ? ಚಿತ್ರವು ಅಳಿದ ಮೇಲೆ ಇದಕ್ಕೆ ಉತ್ತರವು ಕಂಡವರ ಬರವಣಿಗೆಯಲ್ಲಿ ಅಲ್ಲದೆ ಬೇರೆಲ್ಲಿ ಉಳಿಯಬೇಕು? ಸಂಸಾರನೌಕೆಯ (1936) ನಾಯಕಿಯಾಗಿದ್ದು, ಮುಂದೆ 1943ರಲ್ಲಿ ‘ರಾಧಾರಮಣ’ ಚಿತ್ರವನ್ನು ತಾವೇ ನಿರ್ಮಿಸಿದ ಎಂ. ವಿ. ರಾಜಮ್ಮನವರ ಮಾತೂ ಹೀಗೆಯೇ. ಹಣವನ್ನು ಹೂಡಿ ಚಿತ್ರ ತೆಗೆಯುವ ಧೈರ್ಯ ಆ ಕಾಲದಲ್ಲಿ ಗಂಡಸರಿಗೇ ದುರ್ಲಭವಾಗಿದ್ದಿತು. ಅವರನ್ನು ನೆನೆಯುವವರು ಚೆಲುವೆಯೆಂದು ನೆನೆಯುತ್ತಾರೆ. ಕಸಬನ್ನು ಬಲ್ಲವರೆಂದು ನೆನೆಯುವವರು ಕಡಿಮೆ.

ಈಗ ಚಿತ್ರಗಳನ್ನೇ ಹಿಡಿದು ನೋಡೋಣ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ನಮ್ಮ ಜಿಲ್ಲೆಯಲ್ಲಿ ನೋಡದ ಮನೆ ಇರಲಾರದು. ತ. ರಾ. ಸು. ಅವರ ಮೂರು ಕಾದಂಬರಿಗಳಿಂದ ಕಟ್ಟಿದ ಕಥೆ ಅದು. ರಾಮಾಚಾರಿಯು ಹಠಮಾರಿ, ಗುರುಭಕ್ತ. ಶಾಸ್ತ್ರದ ಭಾಷೆಯಲ್ಲಿ ಧೀರೋದ್ಧತನೆನ್ನಬಹುದು. ಅಲಮೇಲುವನ್ನು ಬಿಟ್ಟುಕೊಡುವಂತೆ ಚಾಮಯ್ಯ ಮೇಷ್ಟರು ಅವನನ್ನು ಒಪ್ಪಿಸುತ್ತಾರೆ. ಅವನು ಗುರುವಿನ ಮಾತಿಗೆ ತಲೆಬಾಗುತ್ತಾನೆ. ಅವಳ ಮದುವೆ ಬೇರೆಡೆ ಆಗುತ್ತದೆ. ಬಹುಕಾಲದ ಮೇಲೆ ರಾಮಾಚಾರಿಯು ಅವಳನ್ನು ಕಾಣುವುದು ವೇಶ್ಯಾವೃತ್ತಿಯಲ್ಲಿ. ಈ ಚಿತ್ರವನ್ನು ಕುರಿತು ಐವತ್ತು ವರ್ಷಗಳಿಂದ ಬಂದಿರುವ ಬರಹಗಳಲ್ಲಿ ಗುರುಶಿಷ್ಯರ ಸಂಬಂಧದ ವಿಚಾರವುಂಟು, ವಿಷ್ಣುವರ್ಧನರ ಉದಯದ ವಿಚಾರವುಂಟು, ಅಶ್ವತ್ಥರ ಮೇಷ್ಟರ ವಿಚಾರವಂತೂ ಧಾರಾಳವಾಗಿದೆ. ನಾನೂ ಮೇಷ್ಟರಾಗಿದ್ದವನಾದುದರಿಂದ ಆ ಪಾತ್ರದ ಮೇಲೆ ನನಗೂ ಮಮತೆಯಿದೆ. ಆದರೂ ಕೇಳಬೇಕಾದುದನ್ನು ಕೇಳಬೇಕು. ಇಬ್ಬರು ಗಂಡಸರು ಎದುರು ಬದುರು ನಿಂತು ಒಬ್ಬ ಹುಡುಗಿಯ ಬಾಳನ್ನು ತೀರ್ಮಾನಿಸಿದರು. ಆ ತೀರ್ಮಾನದಲ್ಲಿ ಅವಳನ್ನು ಯಾರು ಕೇಳಿದರು? ತ್ಯಾಗ ಮಾಡಿದವನು ರಾಮಾಚಾರಿ ಎನ್ನುತ್ತಾರೆ. ಅವನು ತ್ಯಾಗ ಮಾಡಿದ್ದು ಯಾವುದನ್ನು? ಬಿಟ್ಟುಕೊಟ್ಟವನ ದುಃಖವನ್ನು ವಿಮರ್ಶಕರು ಅಳೆದರು, ಬಿಡಲ್ಪಟ್ಟವಳ ಬಾಳು ಆ ದುಃಖಕ್ಕೆ ಸಾಕ್ಷಿಯಾಗಿ ಮಾತ್ರ ನಿಂತಿತು. ಆರತಿಯವರು ಆ ಎರಡನೆಯ ಭೇಟಿಯ ದೃಶ್ಯದಲ್ಲಿ ಮಾಡಿರುವ ಅಭಿನಯವು ಸಾತ್ತ್ವಿಕಕ್ಕೆ ಉದಾಹರಣೆಯಾಗಿ ಪಾಠ ಹೇಳತಕ್ಕಂಥದು.

ಅದೇ ಚಿತ್ರದಲ್ಲಿ ಒಂದು ಹಾಡಿನಷ್ಟು ಹೊತ್ತು ಒನಕೆ ಓಬವ್ವ ಬರುತ್ತಾಳೆ. ಜಯಂತಿಯವರ ಆ ಪಾತ್ರ ಜನರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ. ಒಂದೇ ಚಿತ್ರದೊಳಗೆ ಗತಕಾಲದ ಹೆಣ್ಣಿಗೆ ಕಾರ್ಯವುಂಟು, ವರ್ತಮಾನಕಾಲದ ಹೆಣ್ಣಿಗೆ ಅನುಭವಿಸುವುದು ಮಾತ್ರ ಉಂಟು. ಪುಟ್ಟಣ್ಣನವರು ಇದನ್ನು ತಿಳಿದೇ ಹೀಗೆ ಎದುರು ಬದುರು ಇಟ್ಟರೋ ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಎತ್ತಬಹುದಾಗಿತ್ತು.

ಪುಟ್ಟಣ್ಣನವರನ್ನು ಸ್ತ್ರೀಯರ ಮನಸ್ಸನ್ನು ಅರಿತ ನಿರ್ದೇಶಕರೆಂದು ಹೊಗಳುವುದು ವಾಡಿಕೆ. ಆ ಹೊಗಳಿಕೆಯಲ್ಲಿ ಸತ್ಯವಿದೆ. ಅದರೊಳಗೆ ಒಂದು ಮರೆವೂ ಇದೆ. ‘ಬೆಳ್ಳಿಮೋಡ’ (1967), ‘ಶರಪಂಜರ’ (1971) ಈ ಎರಡರ ಕಥೆಯೂ ತ್ರಿವೇಣಿಯವರದು, ‘ಗೆಜ್ಜೆಪೂಜೆ’ ಎಂ. ಕೆ. ಇಂದಿರಾ ಅವರದು. ತ್ರಿವೇಣಿಯವರು ಮನಶ್ಶಾಸ್ತ್ರವನ್ನು ಓದಿಕೊಂಡಿದ್ದವರು. 1963ರಲ್ಲಿಯೇ, ಬೆಳ್ಳಿಮೋಡವು ತೆರೆಗೆ ಬರುವ ಮೊದಲೇ, ತೀರಿಕೊಂಡರು. ಶರಪಂಜರದ ಕಾವೇರಿಯು ಬಾಣಂತಿತನದಲ್ಲಿ ಚಿತ್ತಸ್ವಾಸ್ಥ್ಯ ಕೆಟ್ಟು, ಚಿಕಿತ್ಸೆಯಿಂದ ಗುಣಹೊಂದಿ ಮನೆಗೆ ಹಿಂದಿರುಗುತ್ತಾಳೆ. ಗುಣವಾದವಳನ್ನು ಗುಣವಾದವಳೆಂದು ಒಪ್ಪಲು ಮನೆಯೂ ನೆರೆಯೂ ಸಿದ್ಧವಿಲ್ಲ. ಗಂಡನ ಮನಸ್ಸು ಬೇರೆಡೆಗೆ ಹೋಗಿರುತ್ತದೆ. ಆ ಮನೆಯೇ ಅವಳನ್ನು ಮತ್ತೆ ಹುಚ್ಚಿಗೆ ದೂಡುತ್ತದೆ. ಕಾವೇರಿಯನ್ನು ಖಂಡಿತೆಯೆಂದೋ ವಿಪ್ರಲಬ್ಧೆಯೆಂದೋ ಹೇಳಿದರೆ ಗಂಡನ ಅಪರಾಧವೊಂದೇ ಕಾಣುತ್ತದೆ. ಆದರೆ ಆ ಕಥೆಯ ಹೊಸತನವಿರುವುದು ಮಾತಿನ ನಂಬಿಕೆಯ ಪ್ರಶ್ನೆಯಲ್ಲಿ. ಒಮ್ಮೆ ಹುಚ್ಚಿಯೆನಿಸಿಕೊಂಡವಳು ಹೇಳಿದ ಯಾವ ಸತ್ಯವೂ ಆಮೇಲೆ ಸತ್ಯವಾಗಿ ಸಲ್ಲುವುದಿಲ್ಲ. ಅವಳ ನ್ಯಾಯವಾದ ಕೋಪವೂ ರೋಗದ ಲಕ್ಷಣವೆನಿಸುತ್ತದೆ. ಕಲ್ಪನಾ ಅವರು ಈ ಪಾತ್ರವನ್ನು ಮಾಡಿದಾಗ ಹುಚ್ಚಿನ ದೃಶ್ಯಗಳನ್ನು ಎಲ್ಲರೂ ಕೊಂಡಾಡಿದರು. ಅದಕ್ಕಿಂತ ಕಠಿನವಾದದ್ದು ನಡುವಿನ ಭಾಗ: ತಾನು ಸ್ವಸ್ಥಳೆಂದು ತೋರಿಸಿಕೊಳ್ಳಲು ಪ್ರತಿಯೊಂದು ಮಾತನ್ನೂ ಅಳೆದು ಆಡುವ ಹೆಂಗಸಿನ ಎಚ್ಚರ. ಅರಚುವುದು ಅಭಿನಯದಲ್ಲಿ ಸುಲಭ. ಅರಚದಂತೆ ತಡೆದುಕೊಂಡಿರುವುದನ್ನು ತೋರಿಸುವುದು ಕಷ್ಟ.

ಈ ಚಿತ್ರಗಳಿಗೆ ಜನರು ನೆರೆದದ್ದನ್ನು ನೋಡಿದವರು, ಹೆಣ್ಣಿನ ಕಥೆಗೆ ನೋಟಕರಿಲ್ಲ, ಸಿನಿಮಾ ವ್ಯಾಪಾರವಾದುದರಿಂದ ನಾಯಕನನ್ನೇ ನಂಬಬೇಕು ಎಂಬ ವಾದವನ್ನು ಹೇಗೆ ಒಪ್ಪುವರೋ ತಿಳಿಯದು. ವ್ಯಾಪಾರದ ಮಾತು ವ್ಯಾಪಾರಿಗಳಿಗಿರಲಿ. ವಿಮರ್ಶಕನು ಗಲ್ಲಾಪೆಟ್ಟಿಗೆಯ ಗುಮಾಸ್ತನಲ್ಲ.

ಅಷ್ಟವಿಧ ನಾಯಿಕೆಯರ ಪಟ್ಟಿಗೆ ಸಂಪೂರ್ಣವಾಗಿ ಹೊರಗಾದ ಒಬ್ಬಳು ನಮ್ಮ ತೆರೆಯ ಮೇಲೆ ಬಂದದ್ದು 1983ರಲ್ಲಿ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಪ್ರೇಮಾ ಕಾರಂತರು ಚಿತ್ರವಾಗಿ ಮಾಡಿದರು. ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡಚಿತ್ರವೆಂಬ ಮನ್ನಣೆಯೂ ಅದಕ್ಕೆ ಬಂದಿತು. ಮದುವೆಯ ಅರ್ಥ ತಿಳಿಯುವ ಮೊದಲೇ ವಿಧವೆಯಾದ ಮಲೆನಾಡಿನ ಹುಡುಗಿಯೊಬ್ಬಳು ತಲೆ ಬೋಳಿಸಿಕೊಂಡು, ಕೂಡುಕುಟುಂಬದ ಮನೆಯಲ್ಲಿ ಎಲ್ಲರಿಗೂ ಬೇಕಾದವಳಾಗಿ, ಯಾರಿಗೂ ಹೊರೆಯಾಗದೆ ದೀರ್ಘಕಾಲ ಬಾಳಿದ ಕಥೆ. ಇವಳಿಗೆ ಗಂಡನಿಲ್ಲ, ಆದುದರಿಂದ ಇವಳು ಸ್ವಾಧೀನಭರ್ತೃಕೆಯೂ ಅಲ್ಲ, ಪ್ರೋಷಿತಭರ್ತೃಕೆಯೂ ಅಲ್ಲ. ವಿಧವೆಯನ್ನು ನಾಯಿಕೆಯೆಂದು ಲಕ್ಷಣಕಾರರು ಎಣಿಸಲೇ ಇಲ್ಲ. ಆದರೂ ಕಥೆಯ ಮುಖ್ಯಸ್ಥಾನದಲ್ಲಿರುವವಳು ಇವಳೇ. ಮುಂದೆ ದಾಕ್ಷಾಯಿಣಿ ಎಂಬ ಎಳೆಯ ವಿಧವೆಯು ತನ್ನ ಕೂದಲನ್ನು ತೆಗೆಸಿಕೊಳ್ಳಲೊಲ್ಲೆನೆಂದಾಗ, ಆಚಾರವನ್ನು ಆಜನ್ಮ ನಡೆಸಿದ ಫಣಿಯಮ್ಮನು ಆ ಹುಡುಗಿಯ ಪಕ್ಷಕ್ಕೆ ನಿಲ್ಲುತ್ತಾಳೆ. ಇದಕ್ಕೆ ಕೋಪವಾಗಲಿ ಭಾಷಣವಾಗಲಿ ಇಲ್ಲ. ತಾನು ಅನುಭವಿಸಿದ್ದು ಇನ್ನೊಬ್ಬಳಿಗೆ ಬೇಡವೆಂಬ ಒಂದು ನಿರ್ಧಾರವಷ್ಟೆ. ಧೀರಪ್ರಶಾಂತವೆಂಬ ಲಕ್ಷಣಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆಯನ್ನು ಕನ್ನಡಚಿತ್ರಗಳ ನಾಯಕರಲ್ಲಿ ಹುಡುಕಿದರೂ ನನಗೆ ದೊರೆಯಲಿಲ್ಲ. ಲಕ್ಷಣಗ್ರಂಥದಲ್ಲಿ ಆ ಶಬ್ದವು ಪುಲ್ಲಿಂಗದಲ್ಲಿಯೇ ಇದೆ. ಸ್ತ್ರೀಪ್ರತ್ಯಯವನ್ನು ಹಚ್ಚಲು ಪಾಣಿನಿಯ ಅಡ್ಡಿಯೇನೂ ಇಲ್ಲ.

ಪ್ರೇಮಾ ಅವರು ಆ ಮೊದಲೇ ರಂಗಭೂಮಿಯಲ್ಲಿ ವಸ್ತ್ರವಿನ್ಯಾಸದಿಂದಲೂ ಮಕ್ಕಳ ನಾಟಕಗಳಿಂದಲೂ ಹೆಸರು ಪಡೆದಿದ್ದವರು. ಅವರನ್ನು ಪರಿಚಯಮಾಡಿಕೊಡುವ ಬರಹಗಳು ಮಾತ್ರ ಸಾಧಾರಣವಾಗಿ ಬಿ. ವಿ. ಕಾರಂತರ ಪತ್ನಿಯೆಂದು ಮೊದಲಾಗುತ್ತವೆ. ನಮ್ಮ ಈ ಸೀಮೆಯು ತೆಲುಗೂ ಕನ್ನಡವೂ ಒಂದೇ ಜಗುಲಿಯಲ್ಲಿ ಕೂತು ಮಾತನಾಡುವ ಸೀಮೆ. ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟದ ಚಿತ್ರಮಂದಿರಗಳಲ್ಲಿ ಎರಡು ಭಾಷೆಯ ಚಿತ್ರಗಳೂ ನಡೆದು ಬಂದಿವೆ. ಆದಕಾರಣ ತೆಲುಗಿನ ದೃಷ್ಟಾಂತವೊಂದನ್ನು ಕೊಟ್ಟರೆ ವಾಚಕರಿಗೆ ಅಪರಿಚಿತವಾಗಲಾರದು. ನಟಿಯೂ ಗಾಯಕಿಯೂ ಆದ ಭಾನುಮತಿಯವರು 1953ರಲ್ಲಿ ‘ಚಂಡೀರಾಣಿ’ಯನ್ನು ಮೂರು ಭಾಷೆಗಳಲ್ಲಿ ನಿರ್ದೇಶಿಸಿದರು, ಅತ್ತೆಯನ್ನು ಕುರಿತು ಅವರು ಬರೆದ ಹಾಸ್ಯಕಥೆಗಳು ತೆಲುಗು ಓದಬಲ್ಲ ನಮ್ಮ ಮನೆಗಳಲ್ಲಿ ಈಗಲೂ ಇವೆ. ವಿಜಯನಿರ್ಮಲಾ ಅವರು ನಲವತ್ತಕ್ಕೂ ಮೀರಿ ಚಿತ್ರಗಳನ್ನು ನಿರ್ದೇಶಿಸಿ ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಹೆಸರು ಬರೆಸಿಕೊಂಡರು. ಇಷ್ಟು ಚಿತ್ರಗಳನ್ನು ಮಾಡಿದ ಗಂಡಸಾಗಿದ್ದರೆ ಅವನ ಶೈಲಿ ಇಂಥದು, ದೋಷ ಇಂಥದು ಎಂದು ಹತ್ತು ಜನರು ಬರೆಯುತ್ತಿದ್ದರು. ವಿಜಯನಿರ್ಮಲಾ ಅವರನ್ನು ನಟ ಕೃಷ್ಣ ಅವರ ಮಡದಿಯೆಂದು ಹೇಳಿ ಮುಂದೆ ಹೋಗುತ್ತಾರೆ. ಸ್ವಾಧೀನಭರ್ತೃಕೆಯ ಲಕ್ಷಣವು ತೆರೆಯ ಮೇಲೆ ಮಾತ್ರವಲ್ಲ, ತೆರೆಯ ಹಿಂದೆಯೂ ವಿಧಿಸಲ್ಪಟ್ಟಿದೆ.

ಪ್ರತಿಭೆಯು ಆತ್ಮಕ್ಕೆ ಸೇರಿದ ಸಂಸ್ಕಾರವಾದುದರಿಂದ ಅದು ಸ್ತ್ರೀಪುರುಷ ವಿಭಾಗವನ್ನು ನೋಡುವುದಿಲ್ಲವೆಂದು ರಾಜಶೇಖರನು ಸಾವಿರ ವರ್ಷಕ್ಕೂ ಹಿಂದೆ ಕಾವ್ಯಮೀಮಾಂಸೆಯಲ್ಲಿ ಹೇಳಿದನು. ಹೇಳಿದ್ದಷ್ಟೇ ಅಲ್ಲ, ತನ್ನ ಪತ್ನಿ ಅವಂತಿಸುಂದರಿಯ ಅಭಿಪ್ರಾಯಗಳನ್ನು ಅವಳ ಹೆಸರಿನಿಂದಲೇ ಎತ್ತಿ, ವಾಮನನ ಮತದ ಎದುರಿಗೆ ಇಟ್ಟು ಚರ್ಚಿಸಿದನು. ಅವಂತಿಸುಂದರಿಯು ಕವಿಯ ಹೆಂಡತಿಯಾಗಿ ಮಾತ್ರವಲ್ಲದೆ ಮೀಮಾಂಸಕಿಯಾಗಿಯೂ ಉಳಿದಿರುವುದು ಆ ಒಂದು ಸೌಜನ್ಯದಿಂದ. ಹಳೆಯ ಶಾಸ್ತ್ರವನ್ನು ಸಿನಿಮಾಕ್ಕೆ ಎಳೆತರುವುದು ಪಂಡಿತಂಮನ್ಯತೆಯೆಂದು ಆಕ್ಷೇಪಿಸುವ ಕಿರಿಯ ಮಿತ್ರರಿಗೆ ಇಷ್ಟು ಅರಿಕೆ: ಹೊಸ ನಾಡಿನವರು ಕಂಡುಕೊಂಡ ಅಳತೆಯೂ ನಮ್ಮ ಮನೆಯ ಅಳತೆಗೆ ದೂರವಲ್ಲ. ಅಮೆರಿಕೆಯ ವ್ಯಂಗ್ಯಚಿತ್ರಕಾರ್ತಿ ಆಲಿಸನ್ ಬೆಕ್ಡೆಲ್ ಅವರು 1985ರಲ್ಲಿ ಒಂದು ಚಿತ್ರಪಟ್ಟಿಕೆಯಲ್ಲಿ ತಮಾಷೆಯಾಗಿ ಕೇಳಿದ್ದು ಮೂರೇ ಮಾತು. ಚಿತ್ರದಲ್ಲಿ ಇಬ್ಬರು ಹೆಂಗಸರಿದ್ದಾರೆಯೇ? ಅವರು ಪರಸ್ಪರ ಮಾತನಾಡುತ್ತಾರೆಯೇ? ಆ ಮಾತು ಗಂಡಸಿನ ವಿಷಯವಲ್ಲದೆ ಬೇರೆಯದಾಗಿದೆಯೇ? ಸಖಿಯೆಂದರೆ ನಾಯಕನ ಸುದ್ದಿಯನ್ನು ತರುವವಳು ಎಂಬ ನಮ್ಮ ನಾಟಕಗಳ ರೂಢಿಯನ್ನು ಬಲ್ಲವರಿಗೆ ಈ ಪ್ರಶ್ನೆಯ ಚುರುಕು ಬೇಗ ತಿಳಿಯುತ್ತದೆ. ಸುಮನಾ ಕಿತ್ತೂರು ಅವರು ತೇಜಸ್ವಿಯವರ ಕಥೆಯಿಂದ ಮಾಡಿದ ‘ಕಿರಗೂರಿನ ಗಯ್ಯಾಳಿಗಳು’ (2016), ಚಂಪಾ ಶೆಟ್ಟಿ ಅವರು ವೈದೇಹಿಯವರ ಕಥೆಗಳಿಂದ ಮಾಡಿದ ‘ಅಮ್ಮಚ್ಚಿಯೆಂಬ ನೆನಪು’ (2018) ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತವೆ. ಅಂದ ಹಾಗೆ, ‘ಗಯ್ಯಾಳಿ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಪುಲ್ಲಿಂಗರೂಪವನ್ನು ಹುಡುಕಿ ನೋಡಿ. ಜೋರುಮಾತಿನ ಗಂಡಸರು ನಮ್ಮಲ್ಲಿ ಇಲ್ಲದೆ ಇಲ್ಲ.

ತೆರೆಯ ಹೊರಗಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಕೇರಳದ ಸರ್ಕಾರವು 2017ರಲ್ಲಿ ನ್ಯಾಯಮೂರ್ತಿ ಹೇಮಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ಮಾಡಿತು. ತೆನಾಲಿಯಲ್ಲಿ ಹುಟ್ಟಿದ ನಟಿ ಶಾರದಾ ಅವರೂ ಅದರ ಸದಸ್ಯೆ. ವರದಿಯು 2019ರ ಡಿಸೆಂಬರಿನಲ್ಲಿ ಸರ್ಕಾರದ ಕೈಸೇರಿ, ಜನರ ಕೈಗೆ ಬರಲು 2024ರ ಆಗಸ್ಟಿನವರೆಗೆ ಕಾಯಬೇಕಾಯಿತು. ಚಿತ್ರೀಕರಣದ ಸ್ಥಳದಲ್ಲಿ ಹೆಂಗಸರಿಗೆ ಬಟ್ಟೆ ಬದಲಿಸಲು ಮರೆಯಿಲ್ಲದಿರುವುದರಿಂದ ಹಿಡಿದು ಹೇಳಲಾರದ ಹಿಂಸೆಯವರೆಗೆ ಅದರಲ್ಲಿ ದಾಖಲಾಗಿದೆ. ಮರುತಿಂಗಳೇ ಕನ್ನಡ ಚಿತ್ರರಂಗದ ನೂರೈವತ್ತಕ್ಕೂ ಹೆಚ್ಚು ಮಂದಿ, ಕವಿತಾ ಲಂಕೇಶರು ಮುಂದಾಳಾಗಿರುವ ‘ಫೈರ್’ ಎಂಬ ಸಂಸ್ಥೆಯ ಮೂಲಕ, ನಮ್ಮಲ್ಲಿಯೂ ಅಂತಹ ಸಮಿತಿ ಬೇಕೆಂದು ಮುಖ್ಯಮಂತ್ರಿಗಳಿಗೆ ಮನವಿಯನ್ನು ಕೊಟ್ಟರು. ನ್ಯಾಯಾಲಯವು ಮಾಡತಕ್ಕ ಕೆಲಸವನ್ನು ವಿಮರ್ಶೆಯು ಮಾಡಲಾರದು. ಆದರೆ ನಟಿಯೆಂದರೆ ಕಾಣತಕ್ಕ ವಸ್ತು, ಕೆಲಸ ಬಲ್ಲ ವ್ಯಕ್ತಿಯಲ್ಲ ಎಂಬ ಭಾವನೆಯನ್ನು ವಾರವಾರವೂ ಅಚ್ಚುಹಾಕುತ್ತಿರುವುದು ಯಾವ ಪುಟದಲ್ಲಿ ಎಂಬುದನ್ನು ಬರೆಯುವವರು ತಮ್ಮನ್ನು ತಾವೇ ಕೇಳಿಕೊಳ್ಳಬಹುದು.

ಉಮಾಶ್ರೀ ಅವರನ್ನು ಬಹುಕಾಲ ಹಾಸ್ಯನಟಿಯೆಂದು ಒಂದು ಮೂಲೆಗೆ ಸೇರಿಸಿಟ್ಟಿದ್ದರು. ದ್ವಂದ್ವಾರ್ಥದ ಮಾತಿನ ಪಾತ್ರಗಳೆಂದರೆ ಅವರದೆಂದು ಲೆಕ್ಕ. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಬಂದು ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿ ದೊರೆತ ಮೇಲೆ ಎಲ್ಲರೂ ಬೆರಗಾದರು. ಆ ಕಲೆ ಅವರಲ್ಲಿ ಅದೇ ವರ್ಷ ಹುಟ್ಟಿತೆ? ಹಾಸ್ಯದ ಪಾತ್ರಗಳಲ್ಲಿಯೂ ಅವರ ವಾಚಿಕವು, ಎಂದರೆ ಮಾತಿನ ಕಾಲಪ್ರಮಾಣವು, ಅಸಾಧಾರಣವಾಗಿದ್ದಿತು. ಅದನ್ನು ಬರೆದಿಡುವ ವಿಮರ್ಶಕರು ಇರಲಿಲ್ಲ, ಅಷ್ಟೆ. ಆ ಚಿತ್ರದ ಗುಲಾಬಿಯು ಸೂಲಗಿತ್ತಿ. ಚಿತ್ರಗಳೆಂದರೆ ಪ್ರಾಣ ಬಿಡುವ ನೋಟಕಿ. ಸಿನಿಮಾ ನೋಡುವ ಹೆಂಗಸು ಏನನ್ನು ನೋಡುತ್ತಾಳೆಂದು ಕೇಳಿದ ಕನ್ನಡಚಿತ್ರ ಅದೊಂದೇ ಇರಬೇಕು.

ಕಡೆಯದಾಗಿ ಎಲ್ಲರೂ ನೋಡಿದ ಚಿತ್ರವೊಂದು: ‘ಕಾಂತಾರ’ (2022). ಕೊನೆಯ ದೈವಾವೇಶದ ಭಾಗವನ್ನು ಹೊಗಳದ ವಿಮರ್ಶೆಯಿಲ್ಲ. ಆ ಹೊಗಳಿಕೆ ಸಲ್ಲತಕ್ಕದ್ದೇ. ನಾಯಕಿ ಲೀಲೆಯನ್ನು ಶಿವನ ಪ್ರೇಯಸಿಯೆಂದು ಹೇಳಿ, ಆರಂಭದಲ್ಲಿ ಅವನು ಅವಳ ಸೊಂಟ ಚಿವುಟುವ ದೃಶ್ಯ ಸರಿಯೇ ತಪ್ಪೇ ಎಂದು ಕೆಲವರು ವಾದಿಸಿ, ಅಲ್ಲಿಗೇ ಬಿಟ್ಟರು. ಲೀಲೆಯು ಅರಣ್ಯ ಇಲಾಖೆಯಲ್ಲಿ ಹೊಸದಾಗಿ ನೌಕರಿಗೆ ಸೇರಿದವಳು. ಕಷ್ಟಪಟ್ಟು ಪಡೆದ ಸರ್ಕಾರಿ ಸಮವಸ್ತ್ರವನ್ನು ತೊಟ್ಟು, ತನ್ನ ಊರಿನ ಭೂಮಿಗೆ ಬೇಲಿ ಹಾಕುವ ಕೆಲಸಕ್ಕೆ ತಾನೇ ಹೋಗಿ ನಿಲ್ಲಬೇಕಾಗುತ್ತದೆ. ಎದುರಿಗೆ ಅವಳ ಮನೆಯವರೂ ನೆರೆಯವರೂ ಇದ್ದಾರೆ. ಚಿತ್ರದ ಮುಖ್ಯವಿವಾದವಾದ ಕಾಡು ಯಾರದೆಂಬ ಪ್ರಶ್ನೆಯು ಎರಡು ಕಡೆಯಿಂದಲೂ ಒಬ್ಬರ ಮೈಮೇಲೆಯೇ ಬಂದು ಬೀಳುವುದಾದರೆ ಅದು ಅವಳ ಮೈಮೇಲೆ. ಶಿವನಿಗೆ ಒಂದೇ ಪಕ್ಷ, ಅವಳಿಗೆ ಎರಡು. ನಿರ್ದೇಶಕರು ಆ ಎಳೆಯನ್ನು ಹಿಡಿದು ಪೂರ್ತಿ ನೇಯಲಿಲ್ಲವೆಂದು ನನ್ನ ಆಕ್ಷೇಪ. ಸಪ್ತಮಿ ಗೌಡ ಅವರು ದೊರೆತ ಕೆಲವು ನಿಮಿಷಗಳಲ್ಲಿಯೇ ಆ ಇಕ್ಕಟ್ಟನ್ನು ಮುಖದಲ್ಲಿ ತಂದಿದ್ದಾರೆಂದು ನನ್ನ ಮೆಚ್ಚುಗೆ. ಮತ್ತೊಮ್ಮೆ ನೋಡುವ ಅವಕಾಶವಿದ್ದವರು ಬೇಲಿ ಹಾಕುವ ದೃಶ್ಯದಲ್ಲಿ ಗುಂಪಿನ ಮೇಲೆ ಕಣ್ಣಿಡದೆ ಅವಳ ಮೇಲೆ ಕಣ್ಣಿಟ್ಟು ನೋಡಲಿ.